ಬದುಕಿದ್ದವರಿಗೆ ಬಿಟ್ಟ ಎಳ್ಳುನೀರು

ಸಾವಾದ ಮನೆಗೆ ಜನ ಬರುತ್ತಾರೆ. ಬೀದರ, ಕಲಬುರಗಿ ಕಡೆ ಇದಕ್ಕೆ ‘ಮಾತಾಡಿಸಿ ಬರೋದು’ ಎನ್ನುತ್ತಾರೆ. ಹೋದವರು ಬಹಳ ಮಾತಾಡುವುದೇನೂ ಇಲ್ಲ. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ‘ಏನ್ ಮಾಡೋದು, ನಮ್ಮ ಕೈಯಾಗ ಏನದ’ ಎಂದು ಎದ್ದು ಬರುತ್ತಾರೆ. ನೆರೆಯವರು ರೊಟ್ಟಿ, ಪಲ್ಯ ಮಾಡಿ ತಂದಿಡುತ್ತಾರೆ. ಅಷ್ಟರಿಂದಲೇ ದುಃಖದ ಭಾರ ಒಂದಿಷ್ಟು ಇಳಿಯುತ್ತದೆ.

ಆದರೆ ಬದುಕಿರುವ ಅಣ್ಣನೊಬ್ಬ ತಮ್ಮನ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟರೆ? ಆ ಮನೆಗೆ ಮಾತಾಡಿಸಲು ಯಾರೂ ಬರುವುದಿಲ್ಲ. ಬಂದರೂ ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಹೇಳಲು ಬರುತ್ತಾರೆ. ರೊಟ್ಟಿ ತರುವವರಂತೂ ಇಲ್ಲವೇ ಇಲ್ಲ.

ಹೀಗೆ ದೂರವಾದವರ ಬಗ್ಗೆ ನಮ್ಮಲ್ಲಿ ಒಂದು ಮಾತಿದೆ: ‘ಅವನಿಗೆ ಎಳ್ಳುನೀರು ಬಿಟ್ಟೀನಿ.’ ಎಳ್ಳುನೀರು ಬಿಡುವುದು ಸತ್ತವರಿಗೆ. ಲಿಂಗಾಯತರ ಮನೆಗಳಲ್ಲಿ ತರ್ಪಣದ ಪದ್ಧತಿಯೇ ಇಲ್ಲ, ಆದರೆ ಈ ಮಾತು ಅಲ್ಲಿಯೂ ಸಲೀಸಾಗಿ ಬರುತ್ತದೆ. ಉಸಿರಾಡುತ್ತಿರುವ ಒಡಹುಟ್ಟಿದವನನ್ನು ಮಾತಿನಲ್ಲೇ ಮಣ್ಣು ಮಾಡಿ ಮುಗಿಸುವುದು. ಹಾಗೆ ಹೇಳಿದವರಿಗೆ ಆ ರಾತ್ರಿ ನಿದ್ದೆ ಬರುತ್ತದೆಯೇ? ಈ ವಾರ ನಾನು ಬರೆಯಬೇಕೆಂದಿರುವುದು ಆ ರಾತ್ರಿಯ ಬಗ್ಗೆ.

ಹುಮನಾಬಾದ್ ಸೀಮೆಯ ಕೊಡಂಬಲದಲ್ಲಿ ಒಂದು ಮನೆ ಇದೆ ಎಂದು ಎಣಿಸಿಕೊಳ್ಳಿ. ಹೆಸರು ಬೇಡ. ಇದು ಯಾರೋ ಒಬ್ಬರ ಮನೆಯಲ್ಲ. ಆ ಭಾಗದ ಹತ್ತು ಮನೆಗಳ ಗುಣ ಸೇರಿಸಿ ನಾನು ಕಟ್ಟಿಕೊಂಡ ಮನೆ. ಅಣ್ಣ ಹೊಲ ನೋಡಿಕೊಂಡವನು. ತೊಗರಿ, ಜೋಳ, ಒಂದಿಷ್ಟು ಕಬ್ಬು. ತಮ್ಮ ಓದಿ ಮಾಸ್ತರಿಕೆ ಹಿಡಿದವನು. ಇಬ್ಬರಿಗೂ ನಡುವೆ ಒಬ್ಬ ತಂಗಿ. ಅವಳನ್ನು ಬಸವಕಲ್ಯಾಣದ ಕಡೆಗೆ ಕೊಟ್ಟಿದ್ದಾರೆ. ಮನೆಯಲ್ಲಿ ಮುದಿ ತಾಯಿ. ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗುತ್ತಿದ್ದರು. ಒಂದೇ ಗಡಿಗೆಯಲ್ಲಿ ಭಜ್ಜಿ, ಒಂದೇ ಗಡಿಗೆಯಲ್ಲಿ ಅಂಬಲಿ. ಅಣ್ಣ ಮುಂದೆ ನಡೆದು ಚರಗ ಚೆಲ್ಲಿದರೆ ತಮ್ಮ ಹಿಂದಿನಿಂದ ಕೂಗು ಹಾಕುತ್ತಿದ್ದ.

2017ರ ಜುಲೈ 19ರಂದು ಬೀದರಿನಲ್ಲಿ ದೊಡ್ಡ ಸಮಾವೇಶವಾಯಿತು. ಲಿಂಗಾಯತ ಸ್ವತಂತ್ರ ಧರ್ಮ, ಅದಕ್ಕೆ ಸರ್ಕಾರದ ಮಾನ್ಯತೆ ಬೇಕು ಎಂಬುದು ಬೇಡಿಕೆ. ಅದೇ ವರ್ಷ ಬೆಳಗಾವಿಯಲ್ಲಿ, ಕಲಬುರಗಿಯಲ್ಲಿ ಇಂಥವೇ ಸಮಾವೇಶಗಳು ನಡೆದವು. ತಮ್ಮ ಬೀದರಿಗೆ ಹೋಗಿ ಬಂದ. ಅಣ್ಣ ಹೋಗಲಿಲ್ಲ. ಅವತ್ತು ಸಂಜೆ ಊಟಕ್ಕೆ ಕೂತಾಗ ಶುರುವಾದ ಮಾತು ಇನ್ನೂ ಮುಗಿದಿಲ್ಲ.

ಇಬ್ಬರ ಮಾತಿನಲ್ಲೂ ಹುರುಳಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮನ ವಾದ ಇಷ್ಟು: ನಮ್ಮ ಧರ್ಮ ಕೊಟ್ಟವರು ಹನ್ನೆರಡನೆಯ ಶತಮಾನದ ಬಸವಣ್ಣನವರು. ವಚನಗಳೇ ನಮ್ಮ ಶಾಸ್ತ್ರ. ಜಾತಿ ಬೇಡ, ಗುಡಿ ಬೇಡ, ಅಂಗೈಯಲ್ಲಿನ ಇಷ್ಟಲಿಂಗ ಸಾಕು ಎಂದವರು ನಾವು. ಹಾಗಿದ್ದ ಮೇಲೆ ವೇದ, ಆಗಮಗಳ ಹಂಗು ಯಾಕೆ? ಅಣ್ಣನ ವಾದ ಬೇರೆ: ವೀರಶೈವವೂ ಲಿಂಗಾಯತವೂ ಒಂದೇ. ಪಂಚಾಚಾರ್ಯರ ಪರಂಪರೆ ಬಸವಣ್ಣನವರಿಗಿಂತ ಹಿಂದಿನದು. ಅಪ್ಪ, ಅಜ್ಜ ಪಂಚಪೀಠಗಳಿಗೆ ನಡೆದುಕೊಂಡು ಬಂದಿದ್ದಾರೆ. ಅವರು ಮಾಡಿದ್ದೆಲ್ಲ ಸುಳ್ಳು ಎಂದರೆ ನಾವು ಯಾರ ಮಕ್ಕಳು?

ಈ ಕೊನೆಯ ಪ್ರಶ್ನೆಯನ್ನು ಗಮನಿಸಿ. ಜಗಳ ಇಷ್ಟು ಆಳಕ್ಕೆ ಇಳಿಯಲು ಕಾರಣ ಅಲ್ಲಿದೆ. ಹೊಲದ ಬದುವಿನ ಜಗಳವಾಗಿದ್ದರೆ ಸರ್ವೇಯವರು ಬಂದು ಅಳೆದುಕೊಡುತ್ತಿದ್ದರು. ಇಲ್ಲಿ ತಮ್ಮ ಮಾತಾಡಿದರೆ ತೀರಿಕೊಂಡ ಅಪ್ಪನ ಪೂಜೆಯನ್ನೇ ಹೀಯಾಳಿಸಿದಂತೆ ಅಣ್ಣನಿಗೆ ಕೇಳಿಸುತ್ತದೆ. ಅಣ್ಣ ಮಾತಾಡಿದರೆ, ಕಲ್ಯಾಣದ ಮಣ್ಣಿನಲ್ಲಿ ಹುಟ್ಟಿಯೂ ಬಸವಣ್ಣನವರಿಗೆ ಬೆನ್ನು ತೋರಿಸಿದಂತೆ ತಮ್ಮನಿಗೆ ಕೇಳಿಸುತ್ತದೆ. ತನಗೆ ಪವಿತ್ರವಾದದ್ದನ್ನು ಒಡಹುಟ್ಟಿದವನೇ ಮುರಿದ ಎಂಬ ನೋವು ಇಬ್ಬರಿಗೂ ಇದೆ. ಹೊರಗಿನವರಿಗೆ ಇಬ್ಬರ ಸಿಟ್ಟು ಮಾತ್ರ ಕಾಣುತ್ತದೆ.

ಮುಂದಿನದು ಸರ್ಕಾರದ ಕಡತಗಳಲ್ಲಿದೆ. ರಾಜ್ಯ ಸರ್ಕಾರ ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ ಸಮಿತಿ ನೇಮಿಸಿತು. ಸಮಿತಿ 2018ರ ಮಾರ್ಚ್ 2ರಂದು ವರದಿ ಕೊಟ್ಟಿತು. ಮಾರ್ಚ್ 19ರಂದು ಸಚಿವ ಸಂಪುಟ ಅದನ್ನು ಒಪ್ಪಿ ಕೇಂದ್ರಕ್ಕೆ ಶಿಫಾರಸು ಕಳಿಸಲು ತೀರ್ಮಾನಿಸಿತು. ಮೇ 12ಕ್ಕೆ ವಿಧಾನಸಭೆಯ ಚುನಾವಣೆ. ಅದೇ ವರ್ಷದ ಕೊನೆಯ ಹೊತ್ತಿಗೆ ಕೇಂದ್ರ ಸರ್ಕಾರ ಶಿಫಾರಸನ್ನು ಒಪ್ಪಿಲ್ಲ ಎಂಬುದು ತಿಳಿದುಬಂತು. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಆರಂಭವಾದಾಗ ಧರ್ಮದ ಕಲಮಿನಲ್ಲಿ ಏನು ಬರೆಸಬೇಕು ಎಂಬ ಪ್ರಶ್ನೆ ಮತ್ತೆ ಮನೆಮನೆಗೆ ಬಂತು. 1904ರಲ್ಲಿ ಹಾನಗಲ್ ಕುಮಾರ ಶಿವಯೋಗಿಗಳು ಕಟ್ಟಿದ ವೀರಶೈವ ಮಹಾಸಭೆ ಒಂದು ಕಡೆ, 2018ರಲ್ಲಿ ಹುಟ್ಟಿದ ಜಾಗತಿಕ ಲಿಂಗಾಯತ ಮಹಾಸಭೆ ಇನ್ನೊಂದು ಕಡೆ.

ಒಂದೇ ಬದಿಯಲ್ಲಿ ನಿಂತವರಲ್ಲಾದರೂ ಒಮ್ಮತವಿತ್ತೇ? ಅದೂ ಇಲ್ಲ. ಬಸವಕಲ್ಯಾಣದಲ್ಲಿ 108 ಅಡಿಯ ಬಸವಣ್ಣನವರ ಮೂರ್ತಿ ನಿಲ್ಲಿಸಿದ ಮಾತೆ ಮಹಾದೇವಿಯವರು ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದಾಗ ಬಸವಭಕ್ತರೇ ಅನೇಕರು ಸಿಡಿದೆದ್ದರು. ಆ ಪುಸ್ತಕವನ್ನು 1998ರಲ್ಲಿ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದು ಅಂಕಿತಕ್ಕೇ ಇಷ್ಟಾದರೆ ಒಂದು ಧರ್ಮದ ಹೆಸರಿಗೆ ಎಷ್ಟಾಗಬೇಡ?

ಕಡತಗಳು ಹಾಗೇ ಓಡಾಡಿಕೊಂಡಿರಲಿ. ಕೊಡಂಬಲದ ಮನೆಗೆ ಬರೋಣ.

ಮೊದಲು ಕುಟುಂಬದ ವಾಟ್ಸ್‌ಆ್ಯಪ್ ಗುಂಪು ಎರಡಾಯಿತು. ಆಮೇಲೆ ತಮ್ಮನ ಮಗಳ ಮದುವೆ. ಅವನು ಮಂತ್ರ ಬೇಡ, ವಚನ ಓದಿ ಮದುವೆ ಮಾಡುತ್ತೇನೆ ಎಂದ. ಅಣ್ಣ ‘ಹಾಂಗಿದ್ರ ನಾ ಬರಂಗಿಲ್ಲ’ ಎಂದ. ಬರಲಿಲ್ಲ. ದೊಡ್ಡಪ್ಪನಿಲ್ಲದೆ ಅಕ್ಷತೆ ಬಿತ್ತು. ಹುಡುಗಿ ಅವತ್ತು ಅತ್ತದ್ದು ಗಂಡನ ಮನೆಗೆ ಹೋಗಬೇಕಲ್ಲ ಎಂದಲ್ಲ.

ಮರುವರ್ಷ ತಾಯಿ ಲಿಂಗೈಕ್ಯರಾದರು. ಕೂಡಿಸಿ, ವಿಭೂತಿ ಹಚ್ಚಿ, ಹೂ ಹಾಕಿ ಎಲ್ಲ ಆಯಿತು. ಆಗ ಪ್ರಶ್ನೆ ಬಂತು: ಅಯ್ಯನವರ ಪಾದ ಇಡಿಸಬೇಕೋ ಬೇಡವೋ? ಮೃತರ ತಲೆಗೆ ಜಂಗಮರ ಪಾದ ಮುಟ್ಟಿಸುವುದು ಹಳೆಯ ಪದ್ಧತಿ. ಬಸವತತ್ತ್ವದ ಹೊಸ ನಡೆಯವರು ಅದನ್ನು ಒಪ್ಪುವುದಿಲ್ಲ. ವಚನ ಹೇಳಿ ಸಮಾಧಿ ಮಾಡಬೇಕು ಎನ್ನುತ್ತಾರೆ. ತಾಯಿಯ ಮುಂದೆಯೇ ಇಬ್ಬರೂ ದನಿ ಏರಿಸಿದರು. ಊರ ಹಿರಿಯರು ನಡುವೆ ಬಂದು ಹೇಗೋ ಮುಗಿಸಿದರು. ಆದರೆ ಇಬ್ಬರೂ ಆ ತಾಯಿಗಾಗಿ ಅಳಲಿಲ್ಲ. ಅಳಲು ಪುರುಸೊತ್ತು ಇರಲಿಲ್ಲ. ಆ ಅಳು ಇವತ್ತಿಗೂ ಇಬ್ಬರೊಳಗೂ ಉಳಿದಿದೆ. ಮೂರು ವರ್ಷದ ಮೇಲೂ ಅಣ್ಣ ಕಾರಣವಿಲ್ಲದೆ ಹೊಲದಲ್ಲಿ ಕೂತುಬಿಡುತ್ತಾನೆ, ತಮ್ಮ ಸಣ್ಣ ಮಾತಿಗೂ ಮಕ್ಕಳ ಮೇಲೆ ಹಾಯುತ್ತಾನೆ. ಇಬ್ಬರೂ ಇದಕ್ಕೆ ಬಿಪಿ ಎಂದು ಹೆಸರಿಟ್ಟುಕೊಂಡಿದ್ದಾರೆ.

ಎಲ್ಲಕ್ಕಿಂತ ಕಷ್ಟ ನಡುವಿನ ತಂಗಿಯದು. ನಾಗರ ಪಂಚಮಿಗೆ ಅಣ್ಣ ಬಂದು ಕರೆದೊಯ್ಯಬೇಕು, ತವರಲ್ಲಿ ಜೋಕಾಲಿ ಜೀಕಬೇಕು ಎಂಬುದು ನಮ್ಮ ಹೆಣ್ಣುಮಕ್ಕಳ ವರ್ಷದ ಆಸೆ. ಈಗ ಅಣ್ಣನೂ ಕರೆಯುತ್ತಾನೆ, ತಮ್ಮನೂ ಕರೆಯುತ್ತಾನೆ. ‘ಯಾರ ಮನೀಗಿ ಹೋಗ್ಲಿ ನಾ? ಒಬ್ಬರ ಮನ್ಯಾಗ ಉಂಡ್ರ ಇನ್ನೊಬ್ಬರಿಗಿ ಸಿಟ್ಟು. ಅದಕ್ಕ ಎಲ್ಲೂ ಹೋಗಂಗಿಲ್ಲ’ ಎಂದು ಅವಳು ಗಂಡನ ಮನೆಯಲ್ಲೇ ಉಂಡೆ ಕಟ್ಟುತ್ತಾಳೆ. ಗಂಡಸರ ತತ್ತ್ವದ ಜಗಳದಲ್ಲಿ ತವರು ಕಳಕೊಂಡವಳು ಅವಳು. ಅವಳ ಧರ್ಮ ಯಾವುದು ಎಂದು ಯಾರೂ ಕೇಳಿಲ್ಲ.

ಇಂಥ ದುಃಖಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರಿದೆ. ಅಮೆರಿಕದ ಪೌಲಿನ್ ಬಾಸ್ ಎಂಬ ವಿದ್ವಾಂಸೆ ಇದನ್ನು ಖಚಿತವಲ್ಲದ ಅಗಲಿಕೆ ಎಂಬ ಅರ್ಥದಲ್ಲಿ ಕರೆದರು; 1999ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಯುದ್ಧದಲ್ಲಿ ಕಾಣೆಯಾದವನು, ಮರೆವಿನ ರೋಗ ಬಂದು ಮನೆಯವರನ್ನೇ ಗುರುತಿಸದ ತಾಯಿ – ಇಂಥವರ ಕುಟುಂಬಗಳನ್ನು ಅವರು ಗಮನಿಸಿದರು. ಮನುಷ್ಯ ಇದ್ದಾನೆ, ಆದರೆ ಇಲ್ಲ. ಇಲ್ಲ, ಆದರೆ ಇದ್ದಾನೆ. ಹೀಗಾದಾಗ ದುಃಖ ಮುಗಿಯುವ ದಾರಿ ಕಾಣದೆ ಅಲ್ಲಲ್ಲೇ ಸುತ್ತುತ್ತದೆ. ಸತ್ತವರಿಗೆ ಮೂರನೆಯ ದಿನ ಇದೆ, ವರ್ಷದ ದಿನ ಇದೆ. ಮಾತು ಬಿಟ್ಟ ಅಣ್ಣನಿಗೆ ಯಾವ ದಿನ?

ಇದು ನಮ್ಮೊಬ್ಬರ ಪಾಡಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಪಿಲ್ಲೆಮರ್ ಅವರ ಸಮೀಕ್ಷೆಯಲ್ಲಿ, ನೂರಕ್ಕೆ 27 ಜನ ತಮ್ಮ ಸಂಬಂಧಿಯೊಬ್ಬರೊಂದಿಗೆ ಹೋಗಿಬರುವುದನ್ನೇ ಬಿಟ್ಟಿರುವುದಾಗಿ ಹೇಳಿದರು. ಅದು 2020ರಲ್ಲಿ ಪುಸ್ತಕವಾಗಿ ಬಂತು.

ಯಹೂದ್ಯರ ಮನೆಗಳದು ಇದಕ್ಕೆ ಬಹಳ ಹತ್ತಿರದ ಕಥೆ. ಅವರಲ್ಲಿ ಸಾವಾದರೆ ಏಳು ದಿನ ಮನೆಯಲ್ಲೇ ಕೂತು ದುಃಖಿಸುವ ಪದ್ಧತಿಯಿದೆ. ಅದಕ್ಕೆ ‘ಶಿವಾ’ ಎನ್ನುತ್ತಾರೆ. ಹೀಬ್ರೂ ಭಾಷೆಯಲ್ಲಿ ಏಳು ಎಂದರ್ಥ, ನಮ್ಮ ಶಿವನಿಗೂ ಅದಕ್ಕೂ ಸಂಬಂಧವಿಲ್ಲ. ಬಂಧುಗಳೂ ನೆರೆಯವರೂ ಊಟ ತರುತ್ತಾರೆ, ಥೇಟು ನಮ್ಮಂತೆಯೇ. ಹಿಂದೆ ಮಗಳೋ ಮಗನೋ ಧರ್ಮದ ಹೊರಗೆ ಮದುವೆಯಾದರೆ, ಬದುಕಿದ್ದ ಆ ಮಗುವಿಗಾಗಿ ಹೀಗೆ ಏಳು ದಿನ ಕೂತ ಮಡಿವಂತ ತಂದೆಯರೂ ಅವರಲ್ಲಿದ್ದರು. ಅದು ಅವರ ಎಳ್ಳುನೀರು. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿ, ಗಾಝಾದ ಯುದ್ಧ ಶುರುವಾದ ಮೇಲೆ ಅಮೆರಿಕದ ಅನೇಕ ಯಹೂದಿ ಮನೆಗಳು ಒಳಗೇ ಬಿರುಕು ಬಿಟ್ಟವು. ಹಿಟ್ಲರನ ಕಾಲದ ನೆನಪು ಹೊತ್ತ ಹಿರಿಯರಿಗೆ ಇಸ್ರೇಲ್ ಎಂದರೆ ಕೊನೆಯ ಆಸರೆ. ಮೊಮ್ಮಕ್ಕಳಲ್ಲಿ ಕೆಲವರಿಗೆ ಗಾಝಾದಲ್ಲಿ ಸತ್ತ ಮಕ್ಕಳ ಮುಂದೆ ಬೇರೇನೂ ಕಾಣುವುದಿಲ್ಲ. 2024ರ ವಸಂತದಲ್ಲಿ ಅವರಲ್ಲಿ ಅನೇಕರು ವಿಶ್ವವಿದ್ಯಾಲಯಗಳ ಅಂಗಳದಲ್ಲಿ ಧರಣಿ ಕೂತರು. ಅದೇ ಏಪ್ರಿಲ್ ತಿಂಗಳಲ್ಲಿ ಪಾಸೋವರ್ ಹಬ್ಬ. ಮೂರು ತಲೆಮಾರು ಒಟ್ಟಿಗೆ ಕೂತು ಉಣ್ಣಬೇಕಾದ ಹಬ್ಬ. ಎಲ್ಲಿ ಸಾವಿರಾರು ಜನ ಸಾಯುತ್ತಿರುವ ಯುದ್ಧ, ಎಲ್ಲಿ ಒಂದು ಕಲಮಿನ ಜಗಳ! ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಊಟದ ಮುಂದೆ ಖಾಲಿ ಉಳಿದ ಜಾಗ ಮಾತ್ರ ಎರಡೂ ಕಡೆ ಒಂದೇ ರೀತಿ ನೋಯುತ್ತದೆ.

‘ಹೋಗ್ಲಿ ಬಿಡ್ರಿ, ಎಲ್ಲಾ ಹೊಂದಿಕೊಂಡು ಹೋಗಬೇಕು’ ಎಂದು ಹೇಳುವವರಿದ್ದಾರೆ. ಸುಲಭದ ಮಾತು. ಆದರೆ ಕಲ್ಯಾಣದ ನೆಲದಲ್ಲಿ ನಿಂತು ಹಾಗೆ ಹೇಳುವುದು ಕಷ್ಟ. ಯಾಕೆಂದರೆ ಆ ನೆಲದ ಕಥೆಯೇ ಮನೆ ಒಡೆದವರ ಕಥೆ. ಪರಂಪರೆ ಹೇಳುವಂತೆ ಬಾಲಕ ಬಸವಣ್ಣ ಉಪನಯನ ಒಲ್ಲೆನೆಂದು ಬಾಗೇವಾಡಿಯ ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದ. ಬ್ರಾಹ್ಮಣ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ಮದುವೆಯಾದಾಗ ಬಿಜ್ಜಳ ಆ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆ ಕೊಟ್ಟ. 1167ರ ಸುಮಾರಿಗೆ ಶರಣರು ದಿಕ್ಕಾಪಾಲಾದರು. ಹೊಂದಿಕೊಂಡು ಹೋಗುವುದೇ ಪರಮಧರ್ಮವಾಗಿದ್ದರೆ ಇದ್ಯಾವುದೂ ನಡೆಯುತ್ತಿರಲಿಲ್ಲ, ನಮಗೆ ವಚನಗಳೂ ಇರುತ್ತಿರಲಿಲ್ಲ.

ಗಿರೀಶ ಕಾರ್ನಾಡರು ಇದೇ ಕಥೆಯನ್ನು 1990ರಲ್ಲಿ ‘ತಲೆದಂಡ’ ನಾಟಕ ಮಾಡಿದಾಗ ಅದನ್ನು ಬಿಜ್ಜಳನ ಆಸ್ಥಾನದಲ್ಲಿ ಆರಂಭಿಸಲಿಲ್ಲ. ಬ್ರಾಹ್ಮಣರ ಕೇರಿಯ ಒಂದು ಮನೆಯಲ್ಲಿ ಆರಂಭಿಸಿದರು. ಹಾಸಿಗೆ ಹಿಡಿದ ತಂದೆ ಮಗನಿಗಾಗಿ ಹಲುಬುತ್ತಿದ್ದಾನೆ. ಮಗ ಶರಣರ ಕಡೆ ಹೋಗಿದ್ದಾನೆ. ಕ್ರಾಂತಿಯ ನಾಟಕದ ಮೊದಲ ದೃಶ್ಯ ಒಂದು ಮನೆಯ ಸಂಕಟ. ಮಗ ಹೋದದ್ದು ಸರಿ ಎಂದು ಒಪ್ಪುವ ಪ್ರೇಕ್ಷಕನಿಗೂ ಆ ತಂದೆಯ ಕೂಗು ಕಿವಿಯಿಂದ ಹೋಗುವುದಿಲ್ಲ. ಸರಿಯಾದ ಕಾರಣಕ್ಕೆ ಮನೆ ಬಿಟ್ಟವನಿಗೂ ದುಃಖ ಇರುತ್ತದೆ, ಬಿಡಿಸಿಕೊಂಡವರಿಗೂ ಇರುತ್ತದೆ.

ಆದ್ದರಿಂದ ನನಗೆ ತೋಚುವ ಮೊದಲ ಕೆಲಸ, ಜಗಳ ಯಾವ ಜಾತಿಯದು ಎಂದು ನೋಡುವುದು. ಹೆಸರಿನ ಜಗಳವೋ, ಮನುಷ್ಯನ ಜಗಳವೋ? ‘ವೀರಶೈವ’ ಎಂದು ಬರೆಸಬೇಕೋ ‘ಲಿಂಗಾಯತ’ ಎಂದು ಬರೆಸಬೇಕೋ ಎನ್ನುವುದು ಹೆಸರಿನ ಜಗಳ. ಅದು ಸಣ್ಣದು ಎಂದಲ್ಲ. ಹೆಸರಿನ ಹಿಂದೆ ಇತಿಹಾಸ ಇದೆ, ಮೀಸಲಾತಿಯ ಲೆಕ್ಕವೂ ಇದೆ. ಆದರೂ ಅದಕ್ಕಾಗಿ ಅಣ್ಣತಮ್ಮ ಮಾತು ಬಿಡಬೇಕಾಗಿಲ್ಲ. ವಾದವನ್ನು ಸಭೆಯಲ್ಲಿ ಮಾಡಬಹುದು, ಪತ್ರಿಕೆಯಲ್ಲಿ ಬರೆಯಬಹುದು, ಬೇರೆ ಬೇರೆ ಕಲಂ ತುಂಬಬಹುದು, ಸಂಜೆ ಒಂದೇ ಕಟ್ಟೆಯ ಮೇಲೆ ಚಹಾ ಕುಡಿಯಬಹುದು. ಇದೇ ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ‘ಸಕಲಮತ ಸಂಪ್ರದಾಯ’ ಕಟ್ಟಿದರು. ಎಲ್ಲ ಮತಗಳಿಗೂ ಅಲ್ಲಿ ಜಾಗ. ಆ ಸೀಮೆಯವರಿಗೆ ಇದು ಹೊಸ ಪಾಠವೇನಲ್ಲ.

ಮನುಷ್ಯನ ಜಗಳ ಬೇರೆ. ಮಗಳು ಹರಳಯ್ಯನವರ ಕುಲದ ಹುಡುಗನನ್ನು ಮೆಚ್ಚಿದ್ದಾಳೆ, ಮನೆಯವರು ಅವಳನ್ನು ಕೋಣೆಯಲ್ಲಿ ಕೂಡಿಹಾಕಿದ್ದಾರೆ ಎಂದರೆ ಅಲ್ಲಿ ‘ಇಬ್ಬರದೂ ಸರಿ’ ಎನ್ನುವಂತಿಲ್ಲ. ಅಲ್ಲಿ ಹುಡುಗಿಯ ಕಡೆ ನಿಲ್ಲಬೇಕು. ಮನೆ ಒಡೆದರೂ ಚಿಂತೆಯಿಲ್ಲ. ಸಂಪುಟ ಧರ್ಮದ ಶಿಫಾರಸು ಒಪ್ಪಿದ ಅದೇ 2018ರ ಮಾರ್ಚ್ ತಿಂಗಳ 27ರಂದು ಸುಪ್ರೀಂ ಕೋರ್ಟ್ ಶಕ್ತಿವಾಹಿನಿ ಪ್ರಕರಣದ ತೀರ್ಪು ಕೊಟ್ಟಿತು. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗುವುದಾದರೆ ಕುಟುಂಬದ್ದಾಗಲಿ ಕುಲದ್ದಾಗಲಿ ಒಪ್ಪಿಗೆ ಬೇಕಾಗಿಲ್ಲ, ಅಂಥವರಿಗೆ ರಕ್ಷಣೆ ಕೊಡುವುದು ಸರ್ಕಾರದ ಹೊಣೆ ಎಂದಿತು. ಧರ್ಮದ ಸುದ್ದಿಗೆ ಊರೂರಲ್ಲಿ ಪಟಾಕಿ ಹಾರಿದವು, ಪ್ರತಿಭಟನೆಗಳೂ ಆದವು. ಈ ತೀರ್ಪಿಗೆ ಎರಡೂ ಕಡೆಯವರಲ್ಲಿ ಎಷ್ಟು ಜನ ತಲೆ ಕೆಡಿಸಿಕೊಂಡರು? ವೇದಿಕೆಯಲ್ಲಿ ಬಸವಣ್ಣ, ಮನೆಯಲ್ಲಿ ಒಳಪಂಗಡ ನೋಡಿ ಹೆಣ್ಣು ಕೊಡುವುದು – ಈ ವಿಷಯದಲ್ಲಿ ಮಾತ್ರ ನಮ್ಮ ಅಣ್ಣತಮ್ಮಂದಿರಲ್ಲಿ ಭಿನ್ನಾಭಿಪ್ರಾಯವೇ ಇಲ್ಲ! ಒಡೆಯಬೇಕಾದಲ್ಲಿ ಒಡೆಯುವುದಿಲ್ಲ, ಕೂಡಿರಬೇಕಾದಲ್ಲಿ ಒಡೆದುಕೊಂಡು ಕೂತಿದ್ದೇವೆ.

ಸರಿ, ಒಡೆದದ್ದು ಒಡೆಯಿತು. ಈಗ ಆ ದುಃಖವನ್ನು ಹೊರುವುದು ಹೇಗೆ?

ಮೊದಲನೆಯದಾಗಿ, ದುಃಖವನ್ನು ದುಃಖ ಎಂದೇ ಕರೆಯಬೇಕು. ಗಂಡಸರಿಗಂತೂ ಇದು ಬಲು ಕಷ್ಟ. ‘ಅಂವ ಇದ್ರೆಷ್ಟು, ಬಿಟ್ರೆಷ್ಟು’ ಎಂದು ಮೀಸೆಯ ಮೇಲೆ ಕೈಯಾಡಿಸುತ್ತಾರೆ. ಹೆಂಡತಿಯ ಮುಂದಾದರೂ, ಹಳೆಯ ಗೆಳೆಯನ ಮುಂದಾದರೂ ‘ನನಗ ನನ್ನ ತಮ್ಮ ಬೇಕನಿಸ್ತದ’ ಎಂದು ಬಾಯಿಬಿಟ್ಟು ಹೇಳಿದರೆ ಸೋತಂತಲ್ಲ. ಕೇಳಿಸಿಕೊಂಡವರೂ ಕೂಡಲೇ ತಕ್ಕಡಿ ಹಿಡಿಯಬಾರದು. ಸಾವಿನ ಮನೆಯಲ್ಲಿ ಕೂತಂತೆ ಸುಮ್ಮನೆ ಕೂತರೆ ಸಾಕು. ನಿಮ್ಮ ಓಣಿಯಲ್ಲಿ ಇಂಥ ಮನೆಯಿದ್ದರೆ ಮಾತಾಡಿಸಿ ಬನ್ನಿ. ತೀರ್ಪು ಮನೆಯಲ್ಲೇ ಬಿಟ್ಟು ಹೋಗಿ, ಕೈಯಲ್ಲಿ ನಾಲ್ಕು ರೊಟ್ಟಿ ಇರಲಿ. ನಿದ್ದೆ, ಊಟ ಬಿಟ್ಟು ವಾರಗಟ್ಟಲೆ ಆದರೆ ಅದು ಬರೀ ಬೇಜಾರಲ್ಲ. ಆಗ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಎರಡನೆಯದು, ಗೆಲ್ಲುವ ಆಸೆ ಬಿಡುವುದು. ಆಗ ಹೇಳಿದ ಪಿಲ್ಲೆಮರ್, ಮತ್ತೆ ಕೂಡಿದ ಕುಟುಂಬಗಳವರನ್ನೂ ಕೂರಿಸಿಕೊಂಡು ಕೇಳಿದರು. ಅವರಲ್ಲಿ ಬಹಳ ಮಂದಿ ‘ನೀನೇ ತಪ್ಪು ಮಾಡಿದೆ ಅಂತ ಒಪ್ಕೋ’ ಎನ್ನುವ ಪಟ್ಟನ್ನು ಬಿಟ್ಟ ಮೇಲೆಯೇ ಕೂಡಿದ್ದರು. ಹಿಂದೆ ಏನಾಯಿತು ಎಂಬುದಕ್ಕೆ ಇಬ್ಬರದೂ ಬೇರೆ ಬೇರೆ ಲೆಕ್ಕ. ಆ ಲೆಕ್ಕ ತಾಳೆಯಾಗುವವರೆಗೆ ಕಾದರೆ ಜೀವನ ಮುಗಿಯುತ್ತದೆ. ತಾಯಿಯ ಸಮಾಧಿಯ ದಿನ ಯಾರು ಮೊದಲು ದನಿ ಏರಿಸಿದರು ಎನ್ನುವುದು ಇನ್ನು ಇತ್ಯರ್ಥವಾಗುವುದಿಲ್ಲ. ಬೇಕಾಗಿಯೂ ಇಲ್ಲ.

ಮೂರನೆಯದು, ಕೊನೆಯ ಕ್ರಿಯೆಯ ವಿಷಯವನ್ನು ಬದುಕಿದ್ದಾಗಲೇ ಕೇಳಿ ಇಟ್ಟುಕೊಳ್ಳುವುದು. ‘ಯವ್ವಾ, ನಿನಗ ಹ್ಯಾಂಗ ಬೇಕು?’ ಎಂದು ತಾಯಿಯನ್ನು ಕೇಳಿದ್ದರೆ ಆ ಮನೆಯಲ್ಲಿ ಅರ್ಧ ಜಗಳ ಇರುತ್ತಿರಲಿಲ್ಲ. ಹಿರಿಯರು ತಾವಾಗಿಯೇ ಹೇಳಿದರೆ ಇನ್ನೂ ಚಲೋ. ಪಾದ ಬೇಕೆಂದರೆ ಪಾದ, ವಚನ ಬೇಕೆಂದರೆ ವಚನ. ಸತ್ತವರ ತಲೆಯ ಹತ್ತಿರ ನಿಂತು ಸಿದ್ಧಾಂತ ಗೆದ್ದವರನ್ನು ನಾನು ಕಂಡಿಲ್ಲ. ಮದುವೆಗೂ ಇದೇ ಮಾತು: ಮದುಮಕ್ಕಳಿಗೆ ಹೇಗೆ ಬೇಕೋ ಹಾಗೆ. ಒಪ್ಪದ ದೊಡ್ಡಪ್ಪ ಮಂತ್ರದ ಹೊತ್ತಿಗೋ ವಚನದ ಹೊತ್ತಿಗೋ ಹೊರಗೆ ನಿಂತು, ಊಟದ ಹೊತ್ತಿಗೆ ಒಳಗೆ ಬರಬಹುದು. ಮರ್ಯಾದೆ ಕಳೆಯುವುದಿಲ್ಲ.

ನಾಲ್ಕನೆಯದು, ಹೆಣ್ಣುಮಕ್ಕಳನ್ನೂ ಮಕ್ಕಳನ್ನೂ ನಡುವೆ ನಿಲ್ಲಿಸಬಾರದು. ತಂಗಿ ಯಾರ ಮನೆಯಲ್ಲಿ ಉಂಡಳು ಎಂದು ಎಣಿಸಬಾರದು. ಅವಳ ಕೈಯಲ್ಲಿ ಮಾತು ಕಳಿಸಬಾರದು. ಪಂಚಮಿಗೆ ಎರಡು ದಿನ ಅಲ್ಲಿ, ಎರಡು ದಿನ ಇಲ್ಲಿ ಎಂದು ಇಬ್ಬರೂ ತಾವೇ ಹೇಳಿಬಿಟ್ಟರೆ ಅವಳಿಗೆ ತವರು ಮರಳಿ ಸಿಗುತ್ತದೆ. ಅದಕ್ಕೆ ಅಣ್ಣತಮ್ಮ ಮಾತಾಡಬೇಕಾದ ಅಗತ್ಯವೂ ಇಲ್ಲ.

ಐದನೆಯದು ಸಣ್ಣ ಕೆಲಸಗಳು. ದೊಡ್ಡ ರಾಜಿ ಪಂಚಾಯಿತಿ ಸೇರಿಸಿದರೆ ಮತ್ತೆ ಹಳೆಯ ಕಡತ ಬಿಚ್ಚುತ್ತದೆ. ಆಸ್ಪತ್ರೆಗೆ ಸೇರಿದನೆಂದು ತಿಳಿದರೆ ಹೋಗಿ ಮಂಚದ ಪಕ್ಕ ನಿಲ್ಲುವುದು, ಅವನ ಮಗನ ಪರೀಕ್ಷೆಯ ಫಲಿತಾಂಶ ಬಂದರೆ ಹುಡುಗನಿಗೆ ಫೋನ್ ಮಾಡುವುದು, ಮಳೆ ಬರುವ ಮುಂಚೆ ಅವನ ರಾಶಿಗೂ ತಾಡಪತ್ರಿ ಹೊದಿಸಿ ಬರುವುದು. ಇವಕ್ಕೆ ಧರ್ಮದ ಕಲಂ ಅಡ್ಡ ಬರುವುದಿಲ್ಲ. ವಾಟ್ಸ್‌ಆ್ಯಪಿನಲ್ಲಿ ಬಂದ ಭಾಷಣವನ್ನು ಅವನಿಗೆ ದಾಟಿಸುವ ಮುನ್ನ, ಇದನ್ನು ಅವನ ಕಟ್ಟೆಯ ಮೇಲೆ ಕೂತು, ಮುಖ ನೋಡಿ ಓದುತ್ತೇನೆಯೇ ಎಂದು ಕೇಳಿಕೊಳ್ಳಿ. ಇಲ್ಲವೆಂದರೆ ಅಳಿಸಿಬಿಡಿ.

ಇಷ್ಟೆಲ್ಲ ಮಾಡಿದರೂ ಅವನು ಬರದೇ ಹೋಗಬಹುದು. ಅದನ್ನೂ ಹೇಳಬೇಕು. ಕೆಲವರು ಬರುವುದಿಲ್ಲ. ಕೆಲವರ ಹತ್ತಿರ ಹೋಗುವುದು ನಮಗೇ ಒಳ್ಳೆಯದಲ್ಲ; ಕೈಯೆತ್ತುವವರು, ಮಗಳಿಗೆ ಜೀವಬೆದರಿಕೆ ಹಾಕುವವರು ಅಂಥವರು. ಅಲ್ಲಿ ಬಾಗಿಲು ಹಾಕಿಕೊಳ್ಳುವುದೇ ಸರಿ, ದುಃಖ ಮಾತ್ರ ನಮ್ಮದು. ಆದರೆ ಬಾಗಿಲು ಹಾಕಿಕೊಂಡವರಿಗೂ ಎಳ್ಳುನೀರು ಬಿಡುವ ಅಗತ್ಯವಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಅಣ್ಣನ ಹೊಲದಲ್ಲಿ ಒಂದು ಗಡಿಗೆ, ತಮ್ಮನ ಹೊಲದಲ್ಲಿ ಇನ್ನೊಂದು ಗಡಿಗೆ. ನಡುವೆ ಒಂದು ಬದು. ಆ ದಿನ ಹಾದಿಯಲ್ಲಿ ಹೋಗುವ ಅಪರಿಚಿತನನ್ನೂ ಕರೆದು ಭಜ್ಜಿ ರೊಟ್ಟಿ ಬಡಿಸುವ ಊರುಗಳು ಅವು. ಬದುವಿನ ಆಚೆಗಿರುವವನು ಅಪರಿಚಿತನಿಗಿಂತ ಕಡೆಯೇ?

ಜನಗಣತಿಯವರು ಬಂದಾಗ ಹಾಳೆಯಲ್ಲಿ ಧರ್ಮಕ್ಕೆ ಒಂದು ಕಲಂ ಇರುತ್ತದೆ. ಮನೆಯ ಯಜಮಾನನಿಗೆ ನೀವು ಏನಾಗಬೇಕು ಎಂದು ಕೇಳುವ ಕಲಂ ಬೇರೆ. 2027ರ ಗಣತಿಯಲ್ಲಿ ಅಣ್ಣ ಒಂದು ಬರೆಸಲಿ, ತಮ್ಮ ಇನ್ನೊಂದು ಬರೆಸಲಿ. ಆದರೆ ಬೇರೆ ಮನೆ ಮಾಡಿದ ಮೇಲೆ ಅಣ್ಣನ ಹಾಳೆಯಲ್ಲಿ ತಮ್ಮನ ಹೆಸರು ಎಲ್ಲಿಯೂ ಬರುವುದಿಲ್ಲ. ಸರ್ಕಾರಕ್ಕೆ ಆ ಲೆಕ್ಕ ಬೇಡ. ಅದನ್ನು ನಾವೇ ಇಟ್ಟುಕೊಳ್ಳಬೇಕು.